ಎದುರು ಕಟ್ಟೆಯ ಹಾಲೆಂಡ್ ಧಾರಾವಾಹಿ

ಕುಷ್ಟಗಿಯ ನಮ್ಮ ಓಣಿಗೆ ಮೊದಲ ಟಿವಿ ತಂದವನು ನಾನು. ಎಂಬತ್ತರ ದಶಕ ಅರ್ಧ ಕಳೆದಿತ್ತು. ಟಿವಿಗೊಂದು ಮರದ ಪೆಟ್ಟಿಗೆ, ಪೆಟ್ಟಿಗೆಗೊಂದು ಕೀಲಿ. ಮೋಡ ಕಂಡರೆ ಸಿಡಿಲಿಗೆ ಹೆದರಿ ವೈರು ಕಿತ್ತು, ಮೇಲೊಂದು ಕಂಬಳಿ ಹೊದಿಸುತ್ತಿದ್ದೆ. ಸಿಡಿಲಿಗೂ ಕಂಬಳಿಗೂ ಏನು ಸಂಬಂಧವೆಂದು ಹೆಂಡತಿ ಕೇಳಿದರೆ ಇನ್ನೊಂದು ಮಡಿಕೆ ಹಾಕಿ ಹೊದಿಸುತ್ತಿದ್ದೆ. ಭಾನುವಾರ ಸಂಜೆ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ ಸೇರುತ್ತಿತ್ತು. ಬಾಗಿಲಲ್ಲಿ ಬಿದ್ದ ಚಪ್ಪಲಿಗಳ ರಾಶಿ ನೋಡಿ ನಾನು ಉಬ್ಬುತ್ತಿದ್ದೆ.

ಆ ರಾಶಿಯನ್ನು ಕರಗಿಸಿದವರು ಎದುರು ಮನೆಯ ಸಾಹೇಬರು. ಟೊಮೆಟೊ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡಿಸುವ ಕಂಪನಿಯೊಂದರಲ್ಲಿ ಅವರ ಕೆಲಸ. ತರಬೇತಿಗೆಂದು ಹಾಲೆಂಡಿಗೆ ಹೋಗಿ ಬಂದರು. ಬಂದ ವಾರವೇ ನನ್ನ ಕುರ್ಚಿಯಲ್ಲಿ ಕೂತು ಟಿವಿ ನೋಡಿ, "ಬರೇ ಇಷ್ಟೇನ್ರಿ? ಅಲ್ಲಿ ದವಾಖಾನಿ ನಾಟಕ ಬ್ಯಾರೆ, ಪೊಲೀಸರದು ಬ್ಯಾರೆ, ಸವಾಲ್ ಜವಾಬಿಂದು ಬ್ಯಾರೆ. ಹಾಡೋ ಪೈಪೋಟಿನೂ ಅದಾವ" ಎಂದರು.

"ಅವರ ಭಾಷಾ ನಿಮಗ ತಿಳೀತಿತ್ತೇನ್ರಿ ಸಾಹೇಬ್ರ?" ಎಂದು ಚುಚ್ಚಿದೆ. ಅಲ್ಲಿಗೆ ಬಾಯಿ ಮುಚ್ಚುತ್ತಾರೆ ಎಂದುಕೊಂಡಿದ್ದೆ.

"ಒಂದ ಮಾತೂ ತಿಳೀಲಿಲ್ರಿ ಅಣ್ಣಾರ. ಮಾರಿ ನೋಡಿದ್ರ ಕತಿ ಗೊತ್ತಾಗ್ತಿತ್ತು. ಹೇಳ್ಲೇನು?"

ಮುಂದಿನ ಭಾನುವಾರ ಚಪ್ಪಲಿಗಳೆಲ್ಲ ಅವರ ಕಟ್ಟೆಯ ಕೆಳಗಿದ್ದವು. ಹಾಲೆಂಡಿನ ಅತ್ತೆ-ಸೊಸೆ, ಹಾಲೆಂಡಿನ ಕಳ್ಳ ಡಾಕ್ಟರು. ಪಡಸಾಲೆಯಲ್ಲಿ ನಾನು ಮತ್ತು ಟಿವಿ, ಇಬ್ಬರೇ. ಉಪ್ಪು ತರುತ್ತೇನೆಂದು ಹೋದ ಹೆಂಡತಿ ಕಣ್ಣೊರೆಸಿಕೊಂಡು ನಗುತ್ತ ಬಂದಳು, ಉಪ್ಪಿಲ್ಲದೆ.

"ಇವತ್ತ ಕತ್ಯಾಗ ಹೊಸಾ ಮನಷ್ಯಾ ಬಂದಾನ್ರಿ."

"ಎಂಥಾಂವ?"

"ಮೋಡ ಕಂಡ್ರ ಟಿವಿಗೆ ಕಂಬಳಿ ಹೊಚ್ಚಾಂವ."

ಆ ವಾರವಿಡೀ ಕಚೇರಿಯಲ್ಲಿ ಕೂತು ಸೇಡಿನ ಲೆಕ್ಕ ಹಾಕಿದೆ. ಆಂಟೆನಾ ಕೀಳೋಣವೆಂದರೆ ಅವರಿಗೆ ಆಂಟೆನಾವೇ ಇಲ್ಲ. ಜಗಳ ತೆಗೆಯೋಣವೆಂದರೆ, ಕಂಬಳಿಯವನು ನಾನೇ ಎಂದು ಊರಿಗೆಲ್ಲ ಸಾರಿದಂತೆ. ಕೊನೆಗೆ ಭಾನುವಾರ ಹೋಗಿ ಕಟ್ಟೆಯ ಮುಂದೆ, ಎಲ್ಲರಿಗಿಂತ ಮುಂದೆ ಕೂತೆ.

"ಸಾಹೇಬ್ರ, ಆ ಕಂಬಳಿ ಮನಷ್ಯಾನ ಎದುರು ಮನ್ಯಾಗ ಒಬ್ಬಾಂವ ಇದ್ನಲ್ರಿ? ನೀವು ಬಿಟ್ಟೀರಿ. ನಾ ಹೇಳ್ತೀನಿ. ಪರದೇಶ ಕಂಡು ಬಂದಾಂವ. ಉರಿ ಬಿಸಲಾಗೂ ಕೋಟು ತಗಿಯೂದಿಲ್ಲ. ಹೆಂಡ್ತಿ ರೊಟ್ಟಿ ಪಲ್ಯ ಇಟ್ರ ಚಮಚಾ ಎಲ್ಲಿ ಅಂತಾನ."

ಮೊದಲು ನಕ್ಕವರು ಸಾಹೇಬರ ಹೆಂಡತಿ. ಆಮೇಲೆ ಓಣಿಯೇ ನಕ್ಕಿತು. ನನ್ನ ಎದೆ ತಣ್ಣಗಾಯಿತು. ಸಾಹೇಬರು ಕೋಟಿನ ಗುಂಡಿ ಮುಟ್ಟಿಕೊಂಡರು. ಆಮೇಲೆ ತಲೆದೂಗಿದರು.

"ಖರೇನ ಅದ. ಆ ಕಂತು ನಾ ಮರ್ತಬಿಟ್ಟಿದ್ನಿ. ಭಾಳ ಛಲೋ ನೆನಪು ಮಾಡಿದ್ರಿ."

ಮುಂದಿನ ವಾರ ಅದೇ ಕಂತನ್ನು ಅವರೇ ಹೇಳಿದರು, ಕೋಟು ಹಾಕಿಕೊಂಡು, ಕೈಯಲ್ಲಿ ನಿಜವಾದ ಚಮಚ ಹಿಡಿದು. ನಾನು ಎಬ್ಬಿಸಿದ್ದ ನಗು ಆ ನಗುವಿನ ಮುಂದೆ ಏನೂ ಅಲ್ಲ. ನನ್ನ ಸೇಡನ್ನೂ ಅವರೇ ಉಂಡರು.

ಈಗ ಅವರ ಮನೆಯಲ್ಲೂ ಟಿವಿ ಇದೆ, ಬಣ್ಣದ್ದು. ಮೋಡ ಕವಿದಾಗಲೆಲ್ಲ ನಾನು ನನ್ನ ಟಿವಿಗೆ ಕಂಬಳಿ ಹೊದಿಸಿ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಎಷ್ಟೇ ಸಿಡಿಲು ಗುಡುಗಿದರೂ ಅವರು ವೈರು ಸಹ ಕೀಳುವುದಿಲ್ಲ. ಒಂದಲ್ಲ ಒಂದು ಮಳೆಗಾಲ ನನ್ನ ಕಡೆಗಿರುತ್ತದೆ, ಕಾಯುತ್ತಿದ್ದೇನೆ.