ಕಸ್ತೂರಿಯ ಮುಖದ ಮೇಲೆ ನಾನು ಓಡಿಸಿದ ಕುಂಚ

ಆ ಫೋಟೊ ತಿದ್ದಿದವಳು ಕಸ್ತೂರಿಯಲ್ಲ, ನಾನು. ತಿದ್ದಿದ್ದು ಒಂದು ತಪ್ಪು. ತುಂಬಿದ ಪಡಸಾಲೆಯಲ್ಲಿ ಎಲ್ಲರೆದುರು ನನಗೇನೂ ಗೊತ್ತಿಲ್ಲ ಎಂದದ್ದು ಇನ್ನೊಂದು, ಮೊದಲನೆಯದಕ್ಕಿಂತ ದೊಡ್ಡದು. ಎಂಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ಉಟ್ಟೆ, ನಕ್ಕೆ — ನಡುನಡುವೆ ಮರೆತೂ ಬಿಟ್ಟಿದ್ದೆ. ಮರೆಯಲು ನನಗೆ ಸಾಧ್ಯವಾಯಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಕಸ್ತೂರಿ ನನ್ನ ಗಂಡನ ತಂಗಿ. ನಾನು ಪಾರಿಶ್ವಾಡ ಎಂಬ ಹಳ್ಳಿಯ ಆ ಮನೆಗೆ ಸೊಸೆಯಾಗಿ ಹೋದಾಗ ಅವಳಿಗೆ ಇಪ್ಪತ್ತು ವರ್ಷ. ಆಗಷ್ಟೇ ಮುಖದಲ್ಲಿ ತೊನ್ನು ಕಾಣಿಸಿಕೊಂಡಿತ್ತು. ತುಟಿಯ ಅಂಚಿನಲ್ಲಿ, ಕಣ್ಣಿನ ಬಳಿ, ಬೆರಳ ತುದಿಗಳಲ್ಲಿ ಬಿಳಿ ಕಲೆಗಳು. ಅವಳು ಅವನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಯಾರಾದರೂ ದಿಟ್ಟಿಸಿದರೆ ತಾನೇ ಕೈ ಚಾಚಿ, "ಹಿಡದ್ ನೋಡ್ರಿ, ಅಂಟೂದಿಲ್ಲ" ಎನ್ನುತ್ತಿದ್ದಳು. ನನಗೂ ಮೊದಲ ದಿನ ಹಾಗೆಯೇ ಕೈ ಚಾಚಿದಳು. ನಾನು ಹಿಡಿದೆ. ಹಿಡಿಯುವ ಮೊದಲು ಒಂದು ಕ್ಷಣ ತಡೆದೆ — ಅದು ಅವಳಿಗೆ ತಿಳಿಯದೆ ಇರಲಿಕ್ಕಿಲ್ಲ.

ನಮ್ಮದು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬಾಡಿಗೆ ಮನೆ; ವಾರದ ರಜೆಗೆ, ಹಬ್ಬ ಹುಣ್ಣಿಮೆಗೆ ಪಾರಿಶ್ವಾಡ. ಗಂಡನಿಗೆ ನೌಕರಿ, ನನಗೆ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಮದುವೆಯಾದ ವರ್ಷವೇ ಮಾವನವರು ತೀರಿಕೊಂಡರು. ಗೋಡೆಗೆ ಹಾಕಲು ಫೋಟೊ ಬೇಕೆಂದಾಗ ಮನೆಯವರ ಐದು ಮೊಬೈಲು ತಡಕಾಡಿದರೂ ಅವರ ಮುಖ ನೆಟ್ಟಗೆ ಕಾಣುವ ಚಿತ್ರ ಸಿಗಲಿಲ್ಲ. ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಕಣ್ಣು ಅರ್ಧ ಮುಚ್ಚಿದ್ದವು. ಅತ್ತೆ ಅದರ ಮುಂದೆ ವಿಭೂತಿ ಇಟ್ಟು, "ಇವ್ರು ಹಿಂಗ ಇದ್ದಿದ್ದಿಲ್ಲವಾ" ಎಂದು ಅತ್ತರು.

ಆವತ್ತಿನಿಂದ ಮನೆಯ ಫೋಟೊಗಳ ಜವಾಬ್ದಾರಿ ನಾನು ಹೊತ್ತೆ. ಎಲ್ಲರೂ ತಮ್ಮ ಮೊಬೈಲಿನ ಚಿತ್ರಗಳನ್ನು ನನಗೆ ಕಳಿಸಬೇಕು. ನಾನು ಕಂಪ್ಯೂಟರಿನಲ್ಲಿ ಅವನ್ನು ಆರಿಸಿ, ಪುಟಕ್ಕೆ ಜೋಡಿಸಿ, ಕೆಳಗೆ ಎರಡು ಸಾಲು ಬರೆದು ವರ್ಷಕ್ಕೊಂದು ಆಲ್ಬಂ ಮಾಡಬೇಕು. ಎಲ್ಲರೂ ಕಳಿಸಿದರು. ಕಳಿಸಿ ತಮ್ಮ ಮೊಬೈಲಿನಿಂದ ಅಳಿಸಿಯೂ ಬಿಟ್ಟರು. "ವೈನಿ ಕಡೆ ಅದಾವಲ್ಲ", ಅತ್ತಿಗೆಯ ಹತ್ತಿರ ಇವೆಯಲ್ಲ ಎಂಬ ನೆಮ್ಮದಿ. ನಾನು ಆ ನೆಮ್ಮದಿಗೆ ತಕ್ಕವಳು ಎಂದೇ ನಂಬಿದ್ದೆ.

ನಾಲ್ಕು ವರ್ಷದಲ್ಲಿ ನಾಲ್ಕು ಆಲ್ಬಂ ಆದವು, ಎಲ್ಲವೂ ನನ್ನ ಕಂಪ್ಯೂಟರಿನಲ್ಲೇ. ಒಂದಕ್ಕೊಂದು ತಾಳಮೇಳ ಇರಲಿಲ್ಲ. ಒಂದರ ಹಿನ್ನೆಲೆ ಕೆಂಪು, ಇನ್ನೊಂದರದ್ದು ಹೂಬಳ್ಳಿ. ಅಕ್ಷರಗಳು ಬೇರೆ, ಅಂಚುಗಳು ಬೇರೆ. ಆನ್‌ಲೈನಿನಲ್ಲಿ ಒಂದು ಪಾಠ ಕೇಳಿದೆ — ಇಡೀ ಆಲ್ಬಂ ಒಂದೇ ಉಸಿರಿನಲ್ಲಿ ಮಾಡಿದಂತೆ ಕಾಣಬೇಕು, ಬಣ್ಣಗಳು ಒಂದರೊಳಗೊಂದು ಹರಿಯಬೇಕು ಎಂದು. ಆ ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ನಾಲ್ಕನ್ನೂ ಒಡೆದು ಮತ್ತೆ ಕಟ್ಟಿದೆ. ಎಲ್ಲ ಪುಟಕ್ಕೂ ಹಾಲುಬಣ್ಣದ ಹಿನ್ನೆಲೆ, ತೆಳುವಾದ ಕಂದು ಅಂಚು. ಪಾರಿಶ್ವಾಡದ ಅಂಗಳದ ಬಿಸಿಲಿನಲ್ಲಿ ತೆಗೆದ ಮುಖಗಳು, ನಮ್ಮ ಮನೆಯ ಟ್ಯೂಬ್‌ಲೈಟಿನಲ್ಲಿ ತೆಗೆದ ಮುಖಗಳು — ಎಲ್ಲವನ್ನೂ ಒಂದು ಹದಕ್ಕೆ ತಂದೆ. ಬಹಳ ಸುಖವಾದ ಕೆಲಸ ಅದು. ನಮ್ಮ ಮನೆ ನಿಜವಾಗಿ ಇರುವುದಕ್ಕಿಂತ ಹೆಚ್ಚು ಒಗ್ಗಟ್ಟಾಗಿ ಕಾಣತೊಡಗಿತ್ತು.

ಒಂದು ಚಿತ್ರದಲ್ಲಿ ಕಸ್ತೂರಿಯ ಮುಖ ಹದಕ್ಕೆ ಬರಲಿಲ್ಲ. ಬೆಳಕು ಹೆಚ್ಚಿಸಿದರೆ ಕಲೆ ಎದ್ದು ಕಾಣುತ್ತಿತ್ತು, ಇಳಿಸಿದರೆ ಉಳಿದವರು ಕಪ್ಪಾಗುತ್ತಿದ್ದರು. ಕಂಪ್ಯೂಟರಿನ ತೆರೆಯ ಮೇಲಿನ ಕುಂಚದ ಗುರುತು ಒತ್ತಿ ಅವಳ ತುಟಿಯ ಮೇಲೆ ಒಮ್ಮೆ ಓಡಿಸಿದೆ. ಕಲೆ ಹೋಯಿತು. ಪುಟ ಚೆಂದವಾಯಿತು — ನನ್ನ ಮನಸ್ಸಿನಲ್ಲಿ ಬಂದದ್ದು ಇಷ್ಟೇ, ಪುಟ ಚೆಂದವಾಯಿತು. ಆದರೆ ಒಂದು ಪುಟದಲ್ಲಿ ಕಲೆ ಇಲ್ಲದೆ ಮುಂದಿನ ಪುಟದಲ್ಲಿ ಇದ್ದರೆ ಹೇಗೆ? ಅದಕ್ಕೆ ಅಲ್ಲೂ ಓಡಿಸಿದೆ. ಹೀಗೆ ನಾಲ್ಕು ವರ್ಷದ ಕಸ್ತೂರಿಯನ್ನು ಮೂರು ಮಧ್ಯಾಹ್ನದಲ್ಲಿ ಮುಗಿಸಿದೆ. ಎರಡೆರಡು ಪ್ರತಿ ಇದ್ದರೆ ಗೊಂದಲವೆಂದು ತಿದ್ದಿದ್ದನ್ನು ಮೂಲ ಚಿತ್ರದ ಮೇಲೆಯೇ ಉಳಿಸಿದೆ. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ — ಇಲ್ಲ, ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಬೇಡ ಅಂದಾಳು ಎಂದು ಕೇಳಲಿಲ್ಲ.

ಹೊಸ ಆಲ್ಬಂ ಮನೆಯವರೆಲ್ಲರ ಮೊಬೈಲಿಗೆ ಹೋಯಿತು. ಕಸ್ತೂರಿಯದು ಗಾಜು ಬಿರುಕು ಬಿಟ್ಟ ಸಣ್ಣ ಫೋನು. ಹೆಚ್ಚಿನವು ಹತ್ತು ಹದಿನೈದು ಜನ ನಿಂತ ಚಿತ್ರಗಳೇ. "ಎಲ್ಲಾರೂ ಛಲೋ ಬಂದೀವ್ರಿ ವೈನಿ" ಎಂದಳು. ನಾನು ಹಿಗ್ಗಿದೆ.

ಒಂದು ತಿಂಗಳಿಗೆ ಅವಳಿಗೆ ಸಂಬಂಧ ಬಂತು. ಅತ್ತೆಗೆ ಕಲೆಯ ಮಾತು ಮೊದಲೇ ಎತ್ತುವುದು ಬೇಡವಾಗಿತ್ತು. ಕಸ್ತೂರಿ ಒಪ್ಪಲಿಲ್ಲ. "ಫೋಟೊ ಕಳಸ್ತೀನಿ. ಇದ್ದದ್ದು ಇದ್ಹಂಗ ಕಾಣ್ಲಿ. ನೋಡಿ ಬ್ಯಾಡಂದ್ರ ಬ್ಯಾಡ" ಎಂದು ನಮ್ಮ ಆಲ್ಬಮಿನಿಂದಲೇ ಮನೆಮಂದಿಯ ಚಿತ್ರವೊಂದನ್ನು ತನ್ನ ಕೈಯಾರೆ ಕಳಿಸಿದಳು. ತನ್ನನ್ನು ತೆರೆದು ತೋರಿಸುತ್ತಿದ್ದೇನೆ ಎಂದುಕೊಂಡೇ ಕಳಿಸಿದಳು.

ಗಂಡಿನವರು ಬಂದರು. ಅವಳು ಚಹದ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ಹುಡುಗನ ಸೋದರತ್ತೆಯೊಬ್ಬಳು ಕಪ್ಪು ತೆಗೆದುಕೊಳ್ಳದೆ ಅವಳ ಬೆರಳು ನೋಡಿದಳು, ಆಮೇಲೆ ಮುಖ. ಪರ್ಸಿನಿಂದ ಮೊಬೈಲು ತೆಗೆದು ಆ ಚಿತ್ರ ಹಿಗ್ಗಿಸಿ ನನ್ನ ಗಂಡನ ಮುಂದೆ ಹಿಡಿದಳು.

"ಇದರಾಗ ಒಂದ್ ಕಲಿನೂ ಇಲ್ಲಲ್ಲರಿ. ಹಿಂಗ ಮೋಸ ಮಾಡೂದೇನ್ರಿ?"

ಕಸ್ತೂರಿ ಬಗ್ಗಿ ನೋಡಿದಳು. ಆ ಮುಖವನ್ನು ಅವಳು ಮೊದಲ ಸಲ ದೊಡ್ಡದಾಗಿ ನೋಡುತ್ತಿದ್ದಳು. "ನಾ ಏನೂ ಮಾಡಿಲ್ಲಣ್ಣಾ" ಎಂದಳು. ಆಮೇಲೆ ತಲೆಯೆತ್ತಿ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಆರೋಪವಿರಲಿಲ್ಲ. ನೀವು ಹೇಳಿಬಿಡಿ, ಮುಗಿಯುತ್ತದೆ — ಅಷ್ಟೇ ಇತ್ತು.

"ವೈನಿ, ನೀವು?"

ಎಲ್ಲರೂ ನನ್ನನ್ನು ನೋಡಿದರು. ನಾನು ಅಂದೆ — "ನನಗೇನ್ ಗೊತ್ತವಾ? ಬಂದ ಫೋಟೊ ಬಂದಂಗ ಹಚ್ಚೀನಿ."

ಅಷ್ಟು ಸರಾಗವಾಗಿ ಬಂತು ಆ ಮಾತು. ನನ್ನ ಅಚ್ಚುಕಟ್ಟುತನಕ್ಕೆ ಆ ಮನೆಯಲ್ಲಿ ಬೆಲೆಯಿತ್ತು, ಆದ್ದರಿಂದ ಎಲ್ಲರೂ ನಂಬಿದರು. ಗಂಡಿನವರು ಎದ್ದು ಹೋದರು. ನನ್ನ ಗಂಡ ಸಿಟ್ಟಿನಲ್ಲಿ ಅವಳ ಮೊಬೈಲು ಕಸಿದುಕೊಂಡು ಅದರಲ್ಲಿದ್ದ ಅವಳ ಚಿತ್ರಗಳನ್ನೆಲ್ಲ ಅಳಿಸಿದರು. ನಾನು ಚಹದ ಕಪ್ಪು ತೊಳೆಯುತ್ತ ನಿಂತಿದ್ದೆ.

ಮದುವೆ ತಪ್ಪಿತೆಂದು ಅವಳು ಅತ್ತದ್ದು ನಾನು ಕಾಣೆ. ಆದರೆ ಅಂದಿನಿಂದ ಅವಳ ಮಾತಿಗೆ ತೂಕ ಹೋಯಿತು. ಹಾಲು ಚೆಲ್ಲಿದ್ದು ಬೆಕ್ಕು ಎಂದರೂ ಅತ್ತೆ, "ಖರೇ ಹೇಳ್ತಿಯೋ ಇಲ್ಲೋ" ಎಂದು ಒಮ್ಮೆ ಅವಳ ಮುಖ ನೋಡುತ್ತಿದ್ದರು. ಅವಳು ಯಾವ ಚಿತ್ರಕ್ಕೂ ನಿಲ್ಲದಾದಳು. "ಕೊಡ್ರಿ, ನಾ ತಗೀತೀನಿ" ಎಂದು ಮೊಬೈಲು ಇಸಿದುಕೊಂಡು ಎದುರಿಗೆ ಹೋಗುತ್ತಿದ್ದಳು. ನನ್ನ ಆಲ್ಬಮುಗಳು ವರ್ಷ ವರ್ಷ ಬೆಳೆದವು, ಒಂದರಲ್ಲೂ ಕಸ್ತೂರಿ ಇಲ್ಲ. ಹೇಳಬೇಕೆಂದುಕೊಂಡ ದಿನಗಳಿದ್ದವು. ದೀಪಾವಳಿ ಆಗಲಿ, ಅತ್ತೆಯ ಕಾಲುನೋವು ಕಡಿಮೆಯಾಗಲಿ, ಇವರು ಊರಿಂದ ಬರಲಿ —

ಹೋದ ವರ್ಷ ಅತ್ತೆ ಆಸ್ಪತ್ರೆಯಲ್ಲಿದ್ದರು. ಒಂದು ಬೆಳಿಗ್ಗೆ ನಾನು ಗಂಜಿಯ ಡಬ್ಬಿ ಹಿಡಿದು ಪರದೆಯ ಹೊರಗೆ ನಿಂತಿದ್ದೆ. ಒಳಗೆ ಅತ್ತೆ ಮಗಳನ್ನು ಕೇಳುತ್ತಿದ್ದರು, "ಈಗರೆ ಹೇಳ ತಂಗಿ, ಯಾಕ ಹಂಗ ಮಾಡಿದ್ದಿ ಆವತ್ತ?" ಕಸ್ತೂರಿ ಲೋಟಕ್ಕೆ ನೀರು ಸುರಿದ ಸದ್ದು ಕೇಳಿಸಿತು. "ಇರ್ಲಿ ಬಿಡಬೇ" ಎಂದಳು. ಪರದೆ ಸರಿಸಲು ನನಗೆ ಎರಡು ಹೆಜ್ಜೆ ಸಾಕಿತ್ತು. ಗಂಜಿ ಆರಿದೆ, ಬಿಸಿ ಮಾಡಿಸಿಕೊಂಡು ಬರೋಣ ಎಂದು ನೆಪ ಹುಡುಕಿ ಕ್ಯಾಂಟೀನಿಗೆ ಹೋದೆ. ಆ ವಾರವೇ ಅತ್ತೆ ಹೋದರು.

ಈಗ ಕಸ್ತೂರಿ ಖಾನಾಪುರದಲ್ಲಿ ಕೋಣೆ ಮಾಡಿಕೊಂಡಿದ್ದಾಳೆ. ಅಲ್ಲಿಂದ ದಿನಾ ಬೆಳಗಾವಿಯ ಆಟೋ ನಗರಕ್ಕೆ ಬಂದು, ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಕೆಲಸ ಮಾಡುತ್ತಾಳೆ. ಮುಖದ ಕಲೆಗಳೆಲ್ಲ ಈಗ ಒಂದಕ್ಕೊಂದು ಕೂಡಿವೆ. ಹಳೆಯ ಬಣ್ಣ ಹಣೆಯ ಮೇಲೆ ಒಂದಿಷ್ಟು ಉಳಿದಿದೆ. ಈ ಮಳೆಗಾಲದ ಮೊದಲು ಒಂದು ಸಂಜೆ ಕೆಲಸ ಮುಗಿಸಿ ನಮ್ಮ ಮನೆಗೆ ಬಂದಳು. ಪಾರಿಶ್ವಾಡದ ನೆರೆಮನೆಯ ಮರಾಠಿ ಕುಟುಂಬದ ಹುಡುಗಿ ಅಶ್ವಿನಿ, ಹದಿಮೂರು ವರ್ಷದವಳು — ಅವಳಿಗೂ ತೊನ್ನು ಶುರುವಾಗಿ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಾಳಂತೆ.

"ಆಕಿಗೊಂದು ಆಲ್ಬಂ ಮಾಡಿ ತೋರಸಬೇಕಂತ ಅದೀನ್ರಿ. ನಂದು ಹೆಂಗ ಶುರು ಆತು, ಹೆಂಗ ಹರಡಿತು, ಅಷ್ಟರಾಗೂ ನಾ ಹೆಂಗ ನಕ್ಕೊಂತ ಅಡ್ಡ್ಯಾಡತಿದ್ದೆ ಅಂತ. ಆಮ್ಯಾಲೂ ವರ್ಷಾ ಒಂದೊಂದ್ ಪುಟ ಹಚ್ಕೋತ ಹೋಗೂಣು. ಈಗಿನ್ವು ನಾ ತಗಸ್ತೀನಿ. ಮೊದಲಿನ ನಾಕ್ ವರ್ಷದ್ದು ಅಸಲಿ ಫೋಟೊ ನಿಮ್ಮ ಕಡೆ ಇರ್ತಾವು. ನೀವು ಏನೂ ಒಗಿಯೂದಿಲ್ಲ."

ಅಸಲಿ ಎಂಬ ಮಾತನ್ನು ಅವಳು ಒತ್ತಿ ಹೇಳಲಿಲ್ಲ. ಆದರೂ ನನಗೆ ಕೇಳಿಸಿತು. "ಹುಡುಕ್ತೀನಿ" ಎಂದೆ.

ಹುಡುಕಿದೆ. ಹಳೆಯ ಕಂಪ್ಯೂಟರು, ಮೆಮೊರಿ ಕಾರ್ಡುಗಳು, ಪೆನ್‌ಡ್ರೈವುಗಳು. ಎಲ್ಲೆಡೆ ನಾನು ಬಳಿದ ಮುಖವೇ. ಆಗ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ — ಆ ಕಂದು ಮುಖದ ಮೇಲೆ ಬಿಳಿ ಕಲೆಗಳನ್ನು ಮತ್ತೆ ಬರೆಯಲು ಕೂತೆ. ಅದೇ ಕುಂಚ, ಬೇರೆ ಬಣ್ಣ. ಗೊತ್ತಾಗುವುದಿಲ್ಲ ಎಂದುಕೊಂಡೆ. ತುಟಿಯ ಹತ್ತಿರ ಒಂದು ಇಟ್ಟೆ. ಕಣ್ಣಿಗೆ ಬಂದಾಗ ಕೈ ನಿಂತಿತು. ಎಡಗಣ್ಣೋ, ಬಲಗಣ್ಣೋ? ನಾಲ್ಕು ವರ್ಷ ಎದುರು ಕೂತು ಉಂಡಿದ್ದೆ. ಅವಳ ಕಲೆ ಯಾವ ಕಣ್ಣಿನ ಮೇಲಿತ್ತೆಂಬುದು ನನಗೆ ನೆನಪಿಲ್ಲ. ಅಳಿಸುವಾಗಲೂ ನಾನು ಅವಳ ಮುಖ ನೋಡಿರಲಿಲ್ಲ, ಪುಟ ನೋಡಿದ್ದೆ. ಕಂಪ್ಯೂಟರು ಮುಚ್ಚಿದೆ.

ಮರುದಿನ ಭಾನುವಾರ. ರೈಲು ಹಿಡಿದು ಖಾನಾಪುರಕ್ಕೆ ಹೋದೆ. ಕಸ್ತೂರಿ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಾನು ಕೂಡಲಿಲ್ಲ. ಕುಂಚದ ಮಾತು, ಪಡಸಾಲೆಯ ಮಾತು, ಪರದೆಯ ಹೊರಗೆ ನಿಂತ ಮಾತು, ನಿನ್ನೆಯ ಬಿಳಿ ಬಣ್ಣದ ಮಾತು, ಎಲ್ಲ ಹೇಳಿದೆ. ಅವಳು ಮೊದಲು ಕೇಳಿದ್ದು ಇಷ್ಟು:

"ಒಂದೂ ಉಳದಿಲ್ಲೇನ್ರಿ?"

"ಇಲ್ಲ."

ಅವಳು ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. "ನೀವ ಮಾಡೀರಿ ಅಂತ ನನಗ ಆವತ್ತ ಗೊತ್ತಾಗಿತ್ತು. ಅದು ದೊಡ್ಡದಲ್ಲ. ಆದ್ರ ಅವ್ವ ಕೇಳೂಮುಂದ ನೀವು ಹೊರಗ ಇದ್ರಿ ಅಂದ್ರಿ ನೋಡ್ರಿ, ಅದು..." ಎಂದು ನಿಲ್ಲಿಸಿದಳು. ಆ ಮಾತನ್ನು ಅವಳು ಇವತ್ತಿಗೂ ಮುಗಿಸಿಲ್ಲ. ಬಕೆಟ್ಟು ಎತ್ತಿಕೊಳ್ಳುತ್ತ, "ನನಗ ಹೇಳಿದ್ರ ಸಾಲೂದಿಲ್ಲ. ಅಣ್ಣಗ ಹೇಳ್ರಿ. ಎಲ್ಲಾರಿಗೂ ಹೇಳ್ರಿ" ಎಂದಳು.

ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿ ಫೋನಿಟ್ಟರು. ಆಮೇಲೆ ಮನೆಮಂದಿಯ ವಾಟ್ಸಾಪ್ ಗುಂಪಿಗೆ ನನ್ನ ಹೆಸರು ಹಾಕಿ ನಡೆದದ್ದೆಲ್ಲ ಬರೆದು ಕಳಿಸಿದೆ. ಕೆಲವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಗಂಡ ಆ ಸಂಜೆಯೇ ಖಾನಾಪುರಕ್ಕೆ ಹೋಗಿ ತಂಗಿಯ ಮುಂದೆ ಕೂತು ಬಂದರು. ಏನು ಮಾತಾಡಿದರೋ ನನಗೆ ಹೇಳಿಲ್ಲ, ನಾನು ಕೇಳುವ ಹಾಗೂ ಇಲ್ಲ. ಸತ್ತವರಿಗೆ ಮಾತ್ರ ಯಾವ ಗುಂಪೂ ಇಲ್ಲ.

ಆಲ್ಬಂ ಕಸ್ತೂರಿ ತಾನೇ ಮಾಡಿದಳು. ಅಶ್ವಿನಿಯ ಚಿಕ್ಕಪ್ಪನ ಮದುವೆಯ ಹಳೆಯ ವಿಡಿಯೊದಲ್ಲಿ ತಾನು ಊಟ ಬಡಿಸುತ್ತ ನಗುವ ನಾಲ್ಕು ಕ್ಷಣ ಅವಳಿಗೆ ಸಿಕ್ಕವು. ಅದರಿಂದ ಒಂದು ಮಸುಕಾದ ಚಿತ್ರ ತೆಗೆದಳು. ಕಲೆ ಬಲಗಣ್ಣಿನ ರೆಪ್ಪೆಯ ಮೇಲಿತ್ತು. ಆ ಒಂದು ಚಿತ್ರ ಬಿಟ್ಟರೆ ಮೊದಲ ಪುಟಗಳನ್ನೆಲ್ಲ ಅವಳು ಖಾಲಿ ಬಿಟ್ಟಳು. ಬಣ್ಣವಿಲ್ಲ, ಅಂಚಿಲ್ಲ. ಪಾರಿಶ್ವಾಡಕ್ಕೆ ಹುಡುಗಿಗೆ ತೋರಿಸಲು ಹೋಗುವಾಗ ನನ್ನನ್ನೂ ಕರೆದಳು. ಯಾಕೆಂದು ಹೇಳಲಿಲ್ಲ.

ಅಶ್ವಿನಿ ತುಟಿಯ ಮೇಲೆ ಕೈ ಅಡ್ಡ ಹಿಡಿದುಕೊಂಡೇ ಟ್ಯಾಬ್ಲೆಟ್ಟಿನಲ್ಲಿ ಒಂದೊಂದೇ ಪುಟ ಸರಿಸುತ್ತಿದ್ದಳು. "ಇವು ಯಾಕ್ರಿ ಖಾಲಿ ಅದಾವು?" ಎಂದಳು.

ಕಸ್ತೂರಿ ನನ್ನ ಕಡೆ ನೋಡಲಿಲ್ಲ. "ಇವ್ರು ಹೇಳ್ತಾರ" ಎಂದಳು.

ಹೇಳಿದೆ. ಮಗುವಿಗೆ ತಿಳಿಯುವಷ್ಟು, ಆದರೆ ಏನನ್ನೂ ಬಿಡದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕೈ ಯಾವಾಗಲೋ ತೊಡೆಯ ಮೇಲೆ ಇಳಿದಿತ್ತು.

"ಮತ್ತ ನಂದೂ ಫೋಟೊ ತಗದ್ರ ಹಂಗ ಮಾಡ್ತೀರೇನ್ರಿ?"

"ಇಲ್ಲವ್ವ."

ಅವಳು ನನ್ನ ಮಾತು ನಂಬಬಹುದೇ ಎಂದು ಕಸ್ತೂರಿಯ ಮುಖ ನೋಡಿದಳು. ಕಸ್ತೂರಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮುಂದಿನ ಪುಟ ಸರಿಸಿದಳು.