ನಗೆಟೀಚರ್ ಮತ್ತು ಹಳದಿ ಬಲೂನು

ನಮ್ಮ ಥೆರಪಿ ಸೆಂಟರಿನ ನಗೆಟೀಚರ್, ಅಂದರೆ ಮಕ್ಕಳಿಗೆ ನಗಲು ಕಲಿಸುವವರು, ಸ್ವಭಾವತಃ ಸಿಡುಕಿನವರು. ನಗುವುದು ಕೆಲಸದ ಹೊತ್ತಿನಲ್ಲಿ ಮಾತ್ರ. ಮನೆಗೆ ಹೋದರೆ ದವಡೆ ನೋವು, ಗಂಡನಿಗೆಂದು ಒಂದು ನಗುವೂ ಉಳಿದಿರುವುದಿಲ್ಲ.

ಎಲ್ಲ ಸೆಂಟರಿಗೆ ಬಂದ ಆ ಕಂಪ್ಯೂಟರ್ ಆಟದ ಪ್ರತಾಪ. ಆಟಿಸಂ ಇರುವ ಮಗು ಪರದೆಯ ಮುಂದೆ ಕೂರಬೇಕು, ಕ್ಯಾಮೆರಾ ಮುಖ ನೋಡಿ ಭಾವನೆ ಹೇಳುತ್ತದೆ. ನಕ್ಕರೆ ಹಳದಿ ಬಲೂನು ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಮಕ್ಕಳ ಮನಸ್ಸು ಓದುವ ಯಂತ್ರವೆಂದು ಡೈರೆಕ್ಟರು ಊರೆಲ್ಲ ಡಂಗುರ ಸಾರಿದ್ದರು. ಹೆತ್ತವರು ತಿಣುಕಾಡಿದರೂ ಸಿಗದ್ದು ಅದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದಂತೆ!

ಪುಟಾಣಿ ಎಂದು ನಾವೆಲ್ಲ ಕರೆಯುವ ಒಬ್ಬಳು ಹುಡುಗಿಯಿದ್ದಳು. ಖುಷಿಯಾದರೆ ಅವಳ ಮುಖ ಕದಲುವುದಿಲ್ಲ, ಕೈಗಳು ಮಾತ್ರ ಪಟಪಟ ಬಡಿದುಕೊಳ್ಳುತ್ತವೆ. ಯಂತ್ರಕ್ಕೆ ಕೈ ಲೆಕ್ಕಕ್ಕಿಲ್ಲ. ದಿನವೂ "ದುಃಖ" ಎಂದೇ ತೋರಿಸಿತು.

"ಸುಧಾರಣೆ ಕಾಣದಿದ್ರೆ ಸೀಟು ಬೇರೆ ಮಗೂಗೆ ಕೊಡ್ತೀನಿ" ಎಂದರು ಡೈರೆಕ್ಟರು.

ಪುಟಾಣಿಯ ಸೀಟು ಉಳಿಸಲು ಟೀಚರ್ ಒಂದು ಉಪಾಯ ಹೂಡಿದರು. ಅಂದಿನಿಂದ ಪುಟಾಣಿಯ ಕುರ್ಚಿಯ ಹಿಂದೆ ಬಗ್ಗಿ ನಿಂತು, ಅವಳ ತಲೆಯ ಮೇಲಿಂದ ಕ್ಯಾಮೆರಾಕ್ಕೆ ಹಲ್ಲು ಕಿರಿಯತೊಡಗಿದರು. ಯಾರ ನಗುವೆಂದು ಯಂತ್ರ ಕೇಳಲಿಲ್ಲ; ಬಲೂನು ಏರಿದ್ದೇ ಏರಿದ್ದು.

ಆಗಿದ್ದು ಎಡವಟ್ಟು. ಡೈರೆಕ್ಟರು ಪುಟಾಣಿಯ ಅಮ್ಮನನ್ನು ಕರೆಸಿ, "ನಿಮ್ಮ ಮಗಳು ಪೂರ್ತಿ ಸುಧಾರಿಸಿದ್ದಾಳೆ. ನಾಳೆಯಿಂದ ಬರೋದು ಬೇಡ" ಎಂದುಬಿಟ್ಟರು.

"ನೀರು ಬೇಕು ಅಂತ ಕೇಳೋದೂ ಇನ್ನೂ ಬಂದಿಲ್ಲ ಸಾರ್ ಅವಳಿಗೆ" ಎಂದಳು ತಾಯಿ.

ಟೀಚರ್ ಬಾಯಿಬಿಟ್ಟರು. "ನಕ್ಕಿದ್ದು ಅವಳಲ್ಲ ಸಾರ್, ನಾನು."

"ಏನಮ್ಮಾ, ತಮಾಷೆನಾ?"

ಪುಟಾಣಿಯನ್ನು ಪರದೆಯ ಮುಂದೆ ಕೂರಿಸಿ ಟೀಚರ್ ದೂರ ಸರಿದರು. ಬಲೂನು ಇಳಿಯಿತು. ಪುಟಾಣಿಯ ಕೈಗಳು ಪಟಪಟ! ಬಲೂನು ಇಳಿಯುವುದೇ ಅವಳಿಗೆ ಇಷ್ಟ. ಇಷ್ಟು ದಿನ ಟೀಚರ್ ನಕ್ಕು ನಕ್ಕು ಆ ಖುಷಿಗೇ ಕಲ್ಲು ಹಾಕಿದ್ದರು. ಕ್ಯಾಮೆರಾ ನೋಡಿಕೊಂಡು ಹಲ್ಲು ಕಿರಿಯುವವರಿಗೆ ಮಗುವಿನ ಕೈ ನಿಂತದ್ದು ಎಲ್ಲಿ ಕಾಣಬೇಕು?

ಡೈರೆಕ್ಟರು ಕೆಂಡಾಮಂಡಲವಾಗಿ, ಹಲ್ಲು ಕಡಿಯುತ್ತ, ಯಂತ್ರ ಕೆಟ್ಟಿದೆಯೇ ಎಂದು ಪರದೆಯ ಮುಂದೆ ಬಗ್ಗಿದರು. ಆ ಹಲ್ಲು ನೋಡಿ ಯಂತ್ರ "ತುಂಬಾ ಖುಷಿ" ಎಂದು ತೋರಿಸಿತು. ಬಲೂನು ಜಿಗಿಯಿತು. ಪುಟಾಣಿ ಅವರ ಮುಖಕ್ಕೆ ಅಂಗೈ ಒತ್ತಿ ಆಚೆ ತಳ್ಳಿದಳು.

ತಾಯಿ ಪರದೆ ನೋಡಿದಳು. "ನಿಮಗೆ ತುಂಬಾ ಖುಷಿಯಾಗಿದೆ ಅಂತಿದೆ ಸಾರ್ ಇದು. ನಾಳೆ ಎಷ್ಟು ಗಂಟೆಗೆ ಕರ್ಕೊಂಡು ಬರ್ಲಿ?"

ಊರೆಲ್ಲ ಡಂಗುರ ಸಾರಿದ ಮೇಲೆ ಯಂತ್ರ ಸುಳ್ಳು ಹೇಳುತ್ತಿದೆ ಎನ್ನುವಂತಿರಲಿಲ್ಲ ಡೈರೆಕ್ಟರಿಗೆ.

"ಹತ್ತಕ್ಕೆ" ಎಂದರು.

ಟೀಚರ್ ಗೋಡೆಯ ಕಡೆ ತಿರುಗಿ, ಕ್ಯಾಮೆರಾಕ್ಕೆ ಕಾಣದಂತೆ ನಕ್ಕರು.