ಬಸ್ಸು ಆಗದ ಚಿಕ್ಕಮ್ಮ

ಬಸ್ಸಿನಲ್ಲಿ ಯಾರಾದರೂ ನಿಂಬೆ ಎಲೆ ಹಿಸುಕಿ ಮೂಗಿಗೆ ಹಿಡಿದರೆ ಸಾಕು, ನಾನು ಯಲ್ಲಾಪುರದ ಚಿಕ್ಕಮ್ಮನ ಬಾಡಿಗೆ ಮನೆಗೆ ಹೋಗಿಬಿಡುತ್ತೇನೆ. ಈಗ ಅಲ್ಲಿ ಮನೆಯೇ ಇಲ್ಲ, ಮೊಬೈಲ್ ಅಂಗಡಿಯಿದೆ. ಶಾಲೆಗೆಂದು ನನ್ನನ್ನು ಅಲ್ಲಿ ಬಿಟ್ಟಿದ್ದರು. ಚಿಕ್ಕಪ್ಪ ಹಕ್ಕಿ ನೋಡಲು ಹೋಗುವ ತಂಡಗಳಿಗೆ ಅಡುಗೆಭಟ್ಟ. ಗುಜರಾತಿನ ಉಪ್ಪಿನ ಬಯಲು, ಲಡಾಖಿನ ಸರೋವರ, ಅಸ್ಸಾಮಿನ ಜೌಗು ಎಲ್ಲ ಸುತ್ತಿ, ಅಂಗಿ ತುಂಬ ಒಗ್ಗರಣೆಯ ಹೊಗೆ ಹೊತ್ತು ಮನೆಗೆ ಬರುತ್ತಿದ್ದ. ಚಿಕ್ಕಮ್ಮನಿಗೋ ಬಸ್ಸು ಆಗುತ್ತಿರಲಿಲ್ಲ. ನಾಲ್ಕು ತಿರುವು ಕಳೆಯುವುದರೊಳಗೆ ವಾಂತಿ. ಮಾತ್ರೆ, ನಿಂಬೆ ಎಲೆ, ಹರಕೆ ಯಾವುದೂ ನಾಟಲಿಲ್ಲ. ತಮ್ಮನ ಮದುವೆಗೂ ಹೋಗಲಾಗಲಿಲ್ಲ. ನಗುವವರಿಗೇನು, ನಗುತ್ತಾರೆ. ಉಪ್ಪಿನ ಬಯಲಲ್ಲಿ ಗುಲಾಬಿ ಹಕ್ಕಿಗಳು ಹೇಗೆ ನಿಲ್ಲುತ್ತವೆ, ಕೂಗು ಎಂಥದ್ದು ಎಂದು ಗಂಡನನ್ನು ಕೆದಕಿ ಕೆದಕಿ ಕೇಳಿ, ಅವನು ಮತ್ತೆ ಹೊರಟ ಮೇಲೆ ಅಡುಗೆಮನೆಯ ಸರಳುಗಳ ನಡುವಿಂದ ಎದುರಿನ ಗ್ಯಾರೇಜಿನ ತಗಡು ನೋಡುತ್ತ ಕೂರುವುದು ಎಂಥ ಸೆರೆಯೆಂದು, ಅವಳ ಜೊತೆಗೇ ಕಟ್ಟಿಬಿದ್ದಿದ್ದ ನನಗೆ ಗೊತ್ತು.

ಒಂದು ಚಳಿಗಾಲ ಅವನ ತಂಡ ನಮ್ಮ ಜಿಲ್ಲೆಯದೇ ಆದ ಗುಡ್ನಾಪುರದ ಕೆರೆಗೆ ಹೊರಟಿತ್ತು. ಉತ್ತರದ ಬಾತುಗಳು ಅಲ್ಲಿಗೇ ಬಂದಿವೆಯಂತೆ. "ಹಿಮಾಲಯ ಹಾರಿ ಬಪ್ಪ ಬಾತಿಗೆ ವಾಂತಿ ಇಲ್ಲೆ, ನಿಂಗೆ ಮಂಚಿಕೇರಿ ದಾಟಲೆ ಆಗ್ತಿಲ್ಲೆ" ಎಂದು ಚಿಕ್ಕಪ್ಪ ಛೇಡಿಸಿದ. ಅವಳಿಗೆ ಹಟ ಹತ್ತಿತು, ತಾನೂ ಬರುವವಳೇ ಎಂದಳು. ಹಿಂದಿನ ದಿನದಿಂದ ಒಂದಗುಳು ಮುಟ್ಟಲಿಲ್ಲ. ಮದುವೆಯ ಸೀರೆ ಉಟ್ಟು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ನಾನು ಕುಣಿಯುತ್ತ ಹಿಂದೆ ಹತ್ತಿದೆ. ಊರು ಮರೆಯಾಗುವಷ್ಟರಲ್ಲಿ ಜೀಪು ಎರಡು ಸಲ ನಿಂತಿತು. ಮೂರನೆಯ ಸಲ ಇಳಿದವಳು ರಸ್ತೆ ಪಕ್ಕದ ಮೋರಿಯ ಕಟ್ಟೆ ಮೇಲೆ ಕೂತೇಬಿಟ್ಟಳು. ಮುಖ ಬೂದಿ ಬಣ್ಣವಾಗಿತ್ತು. "ಅಡ್ಡಿಲ್ಲೆ, ನಿಂಗ ಹೋಗಿ ಬನ್ನಿ. ಆನು ನಡಕಂಡು ಮನೆಗೆ ಹೋಗ್ತೆ" ಎಂದಳು. ಚಿಕ್ಕಪ್ಪ ಹೋಗಲೇಬೇಕು, ಅಷ್ಟು ಜನರ ಊಟ ಅವನ ಕೈಯಲ್ಲಿ. ಅವಳ ಜೊತೆಗೆ ನನ್ನನ್ನು ಇಳಿಸಿದರು. ಸಿಟ್ಟು ನೆತ್ತಿಗೇರಿ ದಾರಿಯುದ್ದಕ್ಕೂ ಕಲ್ಲು ಒದೆಯುತ್ತ ನಡೆದೆ. ಅವಳು ಮಾತ್ರ ಒಮ್ಮೆ ನಿಂತು, "ಹಕ್ಕಿ ಅಷ್ಟು ದೂರಂದ ಬತ್ತು. ಎಂಗೆ ಇಷ್ಟು ಹತ್ರ ಹೋಪಲೆ ಆಗ್ತಿಲ್ಲೆ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಅವಳು ಮನೆಯ ಓಣಿ ದಾಟಿದ್ದನ್ನು ನಾನು ಕಾಣೆ.

ಕಳೆದ ವರ್ಷ ಚಿಕ್ಕಮ್ಮ ತಲೆಯ ನರ ಒಡೆದು ಬಿದ್ದಾಗ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದೆವು. ಅವಳಿಗೆ ಪ್ರಜ್ಞೆಯಿರಲಿಲ್ಲ. ಕಿರವತ್ತಿ ದಾಟಿ ಕಾಡು ಮುಗಿಯುತ್ತಿದ್ದಂತೆ ಚಿಕ್ಕಪ್ಪ ಅವಳ ಕೈ ಹಿಡಿದು, "ಬಯಲು ಬಂತು ಮಾರಾಯ್ತಿ, ಕಣ್ಣು ಬಿಡೆ" ಎನ್ನುತ್ತಲೇ ಇದ್ದ. ಅವಳು ಬಿಡಲಿಲ್ಲ. ಅಷ್ಟು ದೂರ ಒಂದು ಸಲವೂ ವಾಂತಿಯಾಗಲಿಲ್ಲ. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಅವಳ ದೇಹವನ್ನು ವಾಪಸು ತರುತ್ತಿದ್ದೆವು. ಬಯಲು ಮುಗಿದು ಮತ್ತೆ ತಿರುವುಗಳು ಶುರುವಾದವು. ಚಿಕ್ಕಪ್ಪ ಮುಂದಕ್ಕೆ ಬಾಗಿ ಡ್ರೈವರನ ಭುಜ ಮುಟ್ಟಿದ.

"ಸಾವಕಾಶ ಹೋಗೋ ಮಾರಾಯ. ಇವಳಿಗೆ ಆಗೂದಿಲ್ಲ."